ವಿಚಾರಿಸಿಕೊಳ್ಳುವವರು

ಬೆಂಕಿ ಬಿದ್ದರೆ 101, ಆಂಬುಲೆನ್ಸ್ ಬೇಕಾದರೆ 108, ಪೊಲೀಸರಿಗೆ 112, ಕಷ್ಟದಲ್ಲಿರುವ ಮಕ್ಕಳಿಗೆ 1098. ಈಗಿನ ಮಕ್ಕಳು ಈ ನಂಬರುಗಳನ್ನು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಾರೆ. ಆದರೆ 14416 ಯಾವುದಕ್ಕೆ ಎಂದು ಕೇಳಿ ನೋಡಿ. ನಾಯಂಡಹಳ್ಳಿಯ ನಮ್ಮ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಬೆಂಚಿನ ಮೇಲೆ ಕೂರುವ ನಾವು ಹನ್ನೊಂದು ಮಂದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಓದುವ ನನ್ನ ಮೊಮ್ಮಗನಿಗೆ ಗೊತ್ತಿತ್ತು. "ಮನಸ್ಸಿಗೆ ತುಂಬಾ ಕಷ್ಟ ಆದಾಗ ಮಾಡೋ ನಂಬರು ತಾತ, ನಮ್ಮ ಸ್ಕೂಲಿನ ನೋಟಿಸ್ ಬೋರ್ಡಿನಲ್ಲಿ ಹಾಕಿದ್ದಾರೆ" ಅಂದ. ಹಿಂದೆಯೇ ಅವನ ಪ್ರಶ್ನೆಗಳು ಬಂದವು. ಆ ಕಡೆ ಫೋನ್ ಎತ್ತೋರು ಯಾರು? ಅವರು ಡಾಕ್ಟರಾ? ಏನು ಕೇಳ್ತಾರೆ? ಮನೆಯವರಿಗೆ ಹೇಳಿಬಿಡ್ತಾರಾ?

ಆ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ತಾತ, ಅಜ್ಜಿ, ಮೊಮ್ಮಕ್ಕಳು ಜೊತೆಯಲ್ಲಿ ಕೂತು ಓದಿದರೆ ಒಳ್ಳೆಯದು. "ಬದುಕು ಸಾಕು" ಎನ್ನಿಸಿದವರ ಮಾತು ಮಕ್ಕಳ ಮುಂದೆ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಮಕ್ಕಳು ಪೇಪರ್ ಓದುತ್ತಾರೆ, ಪರೀಕ್ಷೆಯ ಫಲಿತಾಂಶದ ದಿನ ಟಿ.ವಿ. ನೋಡುತ್ತಾರೆ. ನಾವು ಮಾತಾಡದಿದ್ದರೂ ಅವರ ಕಿವಿಗೆ ಅದು ಬಿದ್ದೇ ಬೀಳುತ್ತದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರಿಕೊಂಡರು. ಕರ್ನಾಟಕದವರು 13,606. ದೇಶದ ಒಟ್ಟು ಲೆಕ್ಕದಲ್ಲಿ ವಿದ್ಯಾರ್ಥಿಗಳು 13,044, ಅಂದರೆ ದಿನಕ್ಕೆ ಸರಾಸರಿ 35ಕ್ಕಿಂತ ಹೆಚ್ಚು. ಬ್ಯಾಂಕಿನಲ್ಲಿ ವರ್ಷಗಟ್ಟಲೆ ಲೆಡ್ಜರ್ ಕೂಡಿಸಿದವನು ನಾನು. ದೊಡ್ಡ ಮೊತ್ತ ನೋಡಿ ಹೆದರಿ ಕೂತರೆ ಲೆಕ್ಕ ಸರಿಹೋಗುವುದಿಲ್ಲ, ಒಂದೊಂದು ಸಾಲನ್ನೂ ನೋಡಬೇಕು. ಹಾಗೆ ಒಂದೊಂದು ಸಾಲು ನೋಡುವ ಕೆಲಸವನ್ನೇ ವೃತ್ತಿ ಮಾಡಿಕೊಂಡವರು ನಮ್ಮ ಊರಿನಲ್ಲಿದ್ದಾರೆ.

ಒಂದು ಹೆಸರು, ಒಂದು ತಮಾಷೆ

ಬೆಂಗಳೂರಿನವರಿಗೆ ನಿಮ್ಹಾನ್ಸ್ ಅಂದರೆ ಏನೆಂದು ಹೇಳಬೇಕಿಲ್ಲ. ಹೊಸೂರು ರಸ್ತೆಯಲ್ಲಿರುವ ಆಸ್ಪತ್ರೆ. ಆದರೆ ನಮ್ಮಲ್ಲಿ ಅದು ಆಸ್ಪತ್ರೆಯ ಹೆಸರಾಗಿ ಬಳಕೆಯಾದದ್ದಕ್ಕಿಂತ ಬೈಗುಳವಾಗಿ ಬಳಕೆಯಾದದ್ದೇ ಹೆಚ್ಚು. "ನಿನ್ನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು ಕಣೋ" ಎಂದು ಕ್ರಿಕೆಟ್ ಆಡುವ ಹುಡುಗರೂ ಅನ್ನುತ್ತಾರೆ, ಸಿನಿಮಾದಲ್ಲೂ ಅನ್ನುತ್ತಾರೆ.

ಇದರ ಕತೆ ಹಳೆಯದು. 1847ರಲ್ಲಿ ಬೆಂಗಳೂರು ಪೇಟೆಯ ಬಳಿ ಒಂದು ಹುಚ್ಚಾಸ್ಪತ್ರೆ ಶುರುವಾಯಿತು. ಆಗಿನ ಕಾಲದಲ್ಲಿ ಅಂಥ ಜಾಗಗಳು ರೋಗಿಗಳನ್ನು ಗುಣಪಡಿಸುವುದಕ್ಕಿಂತ ಊರಿನಿಂದ ಬೇರೆ ಇಡುವುದಕ್ಕೇ ಹೆಚ್ಚಾಗಿ ಬಳಕೆಯಾಗುತ್ತಿದ್ದವು. 1925ರಲ್ಲಿ ಅದರ ಹೆಸರನ್ನು ಮಾನಸಿಕ ಆಸ್ಪತ್ರೆ ಎಂದು ಬದಲಾಯಿಸಿದರು. 1930ರ ದಶಕದಲ್ಲಿ ಅದು ಲಕ್ಕಸಂದ್ರದ ಬಯಲಿಗೆ, ಈಗಿರುವ ಜಾಗಕ್ಕೆ ಬಂತು. 1954ರಲ್ಲಿ ಅಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಆಸ್ಪತ್ರೆ ಮತ್ತು ಸಂಸ್ಥೆ ಎರಡನ್ನೂ ಸೇರಿಸಿ 1974ರ ಡಿಸೆಂಬರ್ 27ರಂದು ಮಾಡಿದ್ದೇ ನಿಮ್ಹಾನ್ಸ್. ದೇಶದ ಎಷ್ಟೋ ಊರುಗಳ ಮನೋವೈದ್ಯರು ಅಲ್ಲಿ ಕಲಿತು ಹೋದವರು.

ಇಂಥ ಜಾಗ ನಮ್ಮ ಊರಿನಲ್ಲಿರುವುದು ಹೆಮ್ಮೆಯ ಮಾತು. ಆದರೆ ತಮಾಷೆಯಿಂದ ಆಗುವ ನಷ್ಟ ಒಂದಿದೆ. ನಿಜವಾಗಿ ಅಲ್ಲಿಗೆ ಹೋಗಬೇಕಾದವರು "ಯಾರಾದರೂ ನೋಡಿದರೆ?" ಎಂದು ಹೆದರಿ ಮನೆಯಲ್ಲೇ ಉಳಿಯುತ್ತಾರೆ. ಮೂಳೆ ಮುರಿದವನನ್ನು ನೋಡಿ ಯಾರೂ ನಗುವುದಿಲ್ಲ. ಮನಸ್ಸು ಮುರಿದವನು ಮಾತ್ರ ಮುಖ ಮುಚ್ಚಿಕೊಂಡು ಹೋಗಬೇಕೇ?

ಕೌಂಟರಿನ ಹಿಂದೆ ಯಾರ್ಯಾರು?

ನಮ್ಮ ಬ್ಯಾಂಕಿಗೆ ಬರುವ ಗಿರಾಕಿಗಳಿಗೆ ಕೌಂಟರಿನ ಹಿಂದೆ ಕೂತ ಎಲ್ಲರೂ ಒಂದೇ. ಕ್ಯಾಷಿಯರ್ ಹತ್ತಿರ ಸಾಲ ಕೇಳುತ್ತಿದ್ದರು, ನನ್ನ ಹತ್ತಿರ ಲಾಕರ್ ಕೇಳುತ್ತಿದ್ದರು. ಮನಸ್ಸಿನ ಆಸ್ಪತ್ರೆಯಲ್ಲೂ ಜನ ಎಲ್ಲರನ್ನೂ "ಡಾಕ್ಟ್ರೇ" ಎಂದೇ ಕರೆಯುತ್ತಾರೆ. ಅಲ್ಲಿ ಕೆಲಸ ಹಂಚಿಕೆಯಾಗಿದೆ, ಮಕ್ಕಳು ಇದನ್ನು ತಿಳಿದುಕೊಳ್ಳಬಹುದು.

ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಅದರ ಮೇಲೆ ಮನಸ್ಸಿನ ಕಾಯಿಲೆಗಳ ಬಗ್ಗೆ ವಿಶೇಷವಾಗಿ ಓದಿದವರು. ಕಾಯಿಲೆ ಗುರುತಿಸುವುದು, ಔಷಧಿ ಬರೆದುಕೊಡುವುದು ಅವರ ಕೆಲಸ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮನಶ್ಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಓದಿ, ಆಸ್ಪತ್ರೆಯಲ್ಲಿ ತರಬೇತಿ ಪಡೆದವರು. ಅವರ ಔಷಧಿ ಮಾತು. ವಾರ ವಾರ ಕೂರಿಸಿಕೊಂಡು, ತಲೆಯಲ್ಲಿ ಸುತ್ತುವ ಯೋಚನೆಯ ಗಂಟನ್ನು ಒಂದೊಂದೇ ಎಳೆಯಾಗಿ ಬಿಡಿಸುತ್ತಾರೆ. ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಮನೆಯ ಕಡೆ ನೋಡುವವರು. ಸಾಲ ಇದೆಯೇ, ಜಗಳ ಇದೆಯೇ, ವಾಪಸು ಹೋದ ಮೇಲೆ ಜೊತೆಗೆ ಯಾರಿರುತ್ತಾರೆ ಎಂದು ವಿಚಾರಿಸಿ ಮನೆಯವರನ್ನೂ ಕೂರಿಸಿಕೊಂಡು ಮಾತಾಡುತ್ತಾರೆ. ವಾರ್ಡಿನಲ್ಲಿ ಹಗಲೂ ರಾತ್ರಿ ಜೊತೆಗಿರುವವರು ತರಬೇತಿ ಪಡೆದ ನರ್ಸ್‌ಗಳು. ಇವರಲ್ಲದೆ ಫೋನಿನಲ್ಲಿ ಮಾತಾಡುವ ಆಪ್ತಸಮಾಲೋಚಕರು ಬೇರೆ ಇದ್ದಾರೆ.

ಇವರೆಲ್ಲರೂ ಬೇರೆ ಬೇರೆ ಓದು ಓದಿದ್ದರೂ ಶುರು ಮಾಡುವುದು ಮಾತ್ರ ಒಂದೇ ಕೆಲಸದಿಂದ. ಕೇಳುತ್ತಾರೆ, ಆಮೇಲೆ ಕೇಳಿಸಿಕೊಳ್ಳುತ್ತಾರೆ.

ಆ ನೇರ ಪ್ರಶ್ನೆ

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ವಾಕಿಂಗ್ ಗುಂಪಿನಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ. ಹೆಸರು ಹಾಕದೆ ಬರೆಯಲು ಅವರೇ ಒಪ್ಪಿದ್ದಾರೆ. ಹೆಂಡತಿ ತೀರಿಕೊಂಡ ಆರು ತಿಂಗಳಿಗೆ ಅವರು ಪಾರ್ಕಿಗೆ ಬರುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಮನೆಗೆ ಹೋದರೆ, ಯಾವಾಗಲೂ ಇಸ್ತ್ರಿ ಹಾಕಿದ ಷರ್ಟು ತೊಡುತ್ತಿದ್ದವರು ಮಾಸಿದ ಬನಿಯನ್‌ನಲ್ಲಿ ಕೂತಿದ್ದರು. ರಾತ್ರಿ ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ಜೋಪಾನವಾಗಿ ಇಟ್ಟುಕೊಂಡಿದ್ದ ಪುಸ್ತಕಗಳನ್ನೆಲ್ಲ ಪಕ್ಕದ ಮನೆಯ ಹುಡುಗನಿಗೆ ಕೊಟ್ಟುಬಿಟ್ಟಿದ್ದರು. "ಯಾರಿಗೂ ಹೊರೆ ಆಗಬಾರದು ನೋಡಿ" ಎಂದು ಮೂರು ಸಲ ಅಂದರು.

ಅವರ ಮಗನೂ ನಾನೂ ಅವರನ್ನು ಕರೆದುಕೊಂಡು ನಾಯಂಡಹಳ್ಳಿ ಸ್ಟೇಷನ್ನಿನಲ್ಲಿ ಮೆಟ್ರೊ ಹತ್ತಿದೆವು. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಲಾಲ್‌ಬಾಗ್‌ನಲ್ಲಿ ಇಳಿದು ಆಟೊದಲ್ಲಿ ನಿಮ್ಹಾನ್ಸ್‌ಗೆ ಹೋದೆವು. ಹೊರರೋಗಿ ವಿಭಾಗದಲ್ಲಿ ನಮ್ಮಂಥವರೇ ತುಂಬಿದ್ದರು. ಟಿಫನ್ ಡಬ್ಬಿ ಹಿಡಿದ ತಾಯಂದಿರು, ಕಾಲೇಜು ಬ್ಯಾಗು ಹಾಕಿಕೊಂಡ ಹುಡುಗಿ, ದೂರದ ಜಿಲ್ಲೆಯಿಂದ ರಾತ್ರಿ ಬಸ್ಸಿನಲ್ಲಿ ಬಂದವರು. ಚಿಕ್ಕ ವಯಸ್ಸಿನ ಒಬ್ಬ ಡಾಕ್ಟರು ಮೇಷ್ಟ್ರನ್ನು ಕೂರಿಸಿಕೊಂಡು ನಿದ್ದೆ, ಊಟ, ಮನೆ, ಮಕ್ಕಳು ಎಲ್ಲ ನಿಧಾನವಾಗಿ ಕೇಳಿದರು. ಆಮೇಲೆ ದನಿ ಏರಿಸದೆ, ತಗ್ಗಿಸದೆ ಕೇಳಿದರು: "ಸಾರ್, ಬದುಕೋದೇ ಬೇಡ, ಸತ್ತುಹೋಗಬೇಕು ಅಂತ ಯಾವತ್ತಾದರೂ ಅನ್ನಿಸಿದೆಯಾ?"

ನನ್ನ ಎದೆ ಧಸಕ್ಕೆಂದಿತು. ಹೀಗೆ ಯಾರಾದರೂ ನೇರವಾಗಿ ಕೇಳುತ್ತಾರೆಯೇ? ಮೇಷ್ಟ್ರು ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ "ಹೌದಪ್ಪ, ಅನ್ನಿಸಿದೆ" ಅಂದರು. ಅಂದವರೇ ಅಳತೊಡಗಿದರು. ಆರು ತಿಂಗಳಲ್ಲಿ ಅವರು ಅತ್ತದ್ದನ್ನು ಮಗ ನೋಡಿದ್ದು ಅದೇ ಮೊದಲು. ಡಾಕ್ಟರು ಗಾಬರಿಯಾಗಲಿಲ್ಲ, ಉಪದೇಶ ಮಾಡಲಿಲ್ಲ, "ಛೆ, ಹಾಗೆಲ್ಲ ಮಾತಾಡಬಾರದು" ಎಂದೂ ಅನ್ನಲಿಲ್ಲ. ಎಷ್ಟು ದಿನದಿಂದ, ಯಾವ ಹೊತ್ತಿನಲ್ಲಿ ಹೆಚ್ಚು ಎಂದು ಮುಂದಿನ ಪ್ರಶ್ನೆ ಕೇಳಿದರು.

ಕೇಳಿದರೆ ಇಲ್ಲದ ಯೋಚನೆ ಬಿತ್ತಿದಂತಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಸಂಶೋಧನೆಗಳು ಹೇಳುವುದು ಬೇರೆ. ನೇರವಾಗಿ, ಪ್ರೀತಿಯಿಂದ ಕೇಳಿದರೆ ಅಂಥ ಯೋಚನೆ ಹುಟ್ಟುವುದಿಲ್ಲ. ಇರುವ ಯೋಚನೆ ಹೊರಗೆ ಬರಲು ದಾರಿಯಾಗುತ್ತದೆ.

ಮೇಷ್ಟ್ರಿಗೆ ಖಿನ್ನತೆಗೆ ಮಾತ್ರೆ ಬರೆದುಕೊಟ್ಟರು. ಫಲ ಕಾಣಲು ಕೆಲವು ವಾರ ಬೇಕು, ಮಧ್ಯದಲ್ಲಿ ತಾವಾಗಿಯೇ ನಿಲ್ಲಿಸಬಾರದು ಎಂದು ಮಗನಿಗೂ ಹೇಳಿದರು. ಇನ್ನೊಬ್ಬರು ಒಂದು ಹಾಳೆ ಕೊಟ್ಟು ಮೇಷ್ಟ್ರ ಕೈಯಲ್ಲೇ ಬರೆಸಿದರು. ಮನಸ್ಸು ಕುಸಿಯುತ್ತಿದೆ ಎಂದು ನಿಮಗೆ ಗೊತ್ತಾಗುವುದು ಹೇಗೆ? ಆಗ ಒಬ್ಬರೇ ಏನು ಮಾಡಬಹುದು? ಯಾರ ಮನೆಗೆ ಹೋಗಬಹುದು? ಯಾರಿಗೆ ಫೋನ್ ಮಾಡುತ್ತೀರಿ? ಯಾವ ಡಾಕ್ಟರಿಗೆ? ಮನೆಯಲ್ಲಿ ಅಪಾಯದ ವಸ್ತು ಕೈಗೆ ಸಿಗದಂತೆ ಯಾರು ನೋಡಿಕೊಳ್ಳುತ್ತಾರೆ? ಇದಕ್ಕೆ ಸುರಕ್ಷತಾ ಯೋಜನೆ ಎನ್ನುತ್ತಾರೆ. ಅಮೆರಿಕದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ಎಂಬ ಮನಶ್ಶಾಸ್ತ್ರಜ್ಞರು ರೂಪಿಸಿದ ಈ ಕ್ರಮ ಈಗ ಅನೇಕ ದೇಶಗಳಲ್ಲಿದೆ. ಸಾಯಬೇಕೆಂಬ ಆವೇಗ ಬಹಳ ಸಲ ಅಲೆಯ ಹಾಗೆ ಏರಿ ಇಳಿಯುತ್ತದೆ. ಅದು ಇಳಿಯುವವರೆಗೆ ಹಿಡಿದುಕೊಳ್ಳಲು ಒಂದು ಹಗ್ಗ ಬೇಕು, ಆ ಹಾಳೆಯೇ ಹಗ್ಗ. ಮೇಷ್ಟ್ರ ಹಾಳೆಯಲ್ಲಿ "ಯಾರಿಗೆ ಫೋನ್ ಮಾಡುತ್ತೀರಿ" ಎಂಬುದರ ಎದುರು ನನ್ನ ಹೆಸರಿದೆ. ಯಾವ ಪಾಸ್‌ಬುಕ್ಕಿನಲ್ಲೂ ನನ್ನ ಹೆಸರು ನೋಡಿ ನನಗೆ ಅಷ್ಟು ಭಾರ ಎನ್ನಿಸಿರಲಿಲ್ಲ.

ಫೋನಿನ ಆ ತುದಿ

ಈಗ ಮೊಮ್ಮಗನ ಪ್ರಶ್ನೆ. 14416 ಟೆಲಿ ಮನಸ್ ಎಂಬ ರಾಷ್ಟ್ರೀಯ ಸಹಾಯವಾಣಿ. 2022ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾಗಿ, ಅದೇ ವರ್ಷ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಶುರುವಾಯಿತು. ದೇಶಕ್ಕೆಲ್ಲ ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಾಡುತ್ತಾರೆ. ವಿಷಯ ಗಂಭೀರ ಎನ್ನಿಸಿದರೆ ಮನಶ್ಶಾಸ್ತ್ರಜ್ಞರಿಗೋ ಮನೋವೈದ್ಯರಿಗೋ ದಾಟಿಸುತ್ತಾರೆ. ಅಗತ್ಯ ಬಿದ್ದರೆ ಹತ್ತಿರದ ಆಸ್ಪತ್ರೆಯ ದಾರಿ ತೋರಿಸುತ್ತಾರೆ. ಸಾಯುವ ಯೋಚನೆ ಬಂದವರು ಮಾತ್ರ ಮಾಡಬೇಕೆಂದಿಲ್ಲ. ಪರೀಕ್ಷೆಯ ಭಯ, ನಿದ್ದೆ ಇಲ್ಲದ ರಾತ್ರಿ, ಕುಡಿತದ ಚಟ, ಮನೆಯಲ್ಲಿ ಇನ್ನೊಬ್ಬರ ಬಗ್ಗೆ ಚಿಂತೆ, ಯಾವುದಕ್ಕೂ ಮಾಡಬಹುದು.

ಮನೆಯವರಿಗೆ ಹೇಳಿಬಿಡುತ್ತಾರಾ? ಬ್ಯಾಂಕಿಗೆ ಸೇರಿದ ದಿನ ನಾವು ಒಂದು ಕಾಗದಕ್ಕೆ ಸಹಿ ಹಾಕುತ್ತಿದ್ದೆವು. ಗಿರಾಕಿಯ ಲೆಕ್ಕ ಗಿರಾಕಿಯದು, ಹೊರಗೆ ಬಾಯಿಬಿಡಕೂಡದು ಎಂಬ ಗೌಪ್ಯತೆಯ ಘೋಷಣೆ. ಮನಸ್ಸಿನ ಕೆಲಸದವರಿಗೂ ಅಂಥದೇ ಕಟ್ಟು ಇದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ರೋಗಿಗೆ ಗೌಪ್ಯತೆಯ ಹಕ್ಕು ಕೊಟ್ಟಿದೆ. ಜೀವಕ್ಕೆ ಅಪಾಯ ಎದುರಾದಾಗ ಮಾತ್ರ ಕಾಪಾಡುವುದಕ್ಕಾಗಿ ಬೇಕಾದವರಿಗೆ ಬೇಕಾದಷ್ಟು ತಿಳಿಸಬಹುದು. ಅದೇ ಕಾಯ್ದೆಯ 115ನೇ ಕಲಮು ಇನ್ನೊಂದು ದೊಡ್ಡ ಮಾತು ಹೇಳಿತು. ಜೀವ ಕಳೆದುಕೊಳ್ಳಲು ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ತಿಳಿಯಬೇಕು, ಅವನಿಗೆ ಶಿಕ್ಷೆ ಕೊಡುವಂತಿಲ್ಲ, ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ. ಬ್ರಿಟಿಷರ ಕಾಲದ ಭಾರತೀಯ ದಂಡ ಸಂಹಿತೆಯ 309ನೇ ಕಲಮಿನಲ್ಲಿ ಅಂಥವರು ಅಪರಾಧಿಗಳು. ಪೊಲೀಸ್ ಕೇಸಿನ ಭಯಕ್ಕೆ ಎಷ್ಟೋ ಮನೆಗಳು ಆಸ್ಪತ್ರೆಯಲ್ಲೂ ಸುಳ್ಳು ಹೇಳುತ್ತಿದ್ದ ಕಾಲ ಅದು.

"ದಿನವಿಡೀ ಬೇರೆಯವರ ದುಃಖ ಕೇಳೋರಿಗೆ ಬೇಜಾರಾಗಲ್ವಾ ತಾತ?" ಎಂದೂ ಮೊಮ್ಮಗ ಕೇಳಿದ. ಆಗುತ್ತದೆ. ಅದಕ್ಕೇ ಅವರಿಗೂ ಮೇಲ್ವಿಚಾರಕರಿರುತ್ತಾರೆ, ಭಾರವಾದ ಮಾತುಕತೆಯ ನಂತರ ಹಿರಿಯರ ಹತ್ತಿರ ಹೇಳಿಕೊಳ್ಳುತ್ತಾರೆ. ಕೇಳಿಸಿಕೊಳ್ಳುವವರನ್ನೂ ಯಾರಾದರೂ ಕೇಳಿಸಿಕೊಳ್ಳಬೇಕು.

ಟೀ ಕೊಟ್ಟವರು, ಒಂಬತ್ತು ಸಲ ವಿಚಾರಿಸಿದವರು

ಫೋನಿನಲ್ಲಿ ಕೇಳಿಸಿಕೊಳ್ಳುವ ಪದ್ಧತಿಗೆ ಎಪ್ಪತ್ತು ವರ್ಷ ದಾಟಿದೆ. 1953ರಲ್ಲಿ ಲಂಡನ್ನಿನ ಚಾಡ್ ವಾರಾ ಎಂಬ ಪಾದ್ರಿ ತನ್ನ ಚರ್ಚಿನಲ್ಲಿ ಒಂದು ಫೋನ್ ಇಟ್ಟುಕೊಂಡು, ಬದುಕು ಬೇಡವೆನಿಸಿದವರು ತನಗೆ ಕರೆ ಮಾಡಲಿ ಎಂದು ಪ್ರಕಟಿಸಿದರು. ಜನ ನೇರವಾಗಿಯೂ ಬಂದರು. ಅವರ ಸರದಿ ಬರುವವರೆಗೆ ಸ್ವಯಂಸೇವಕರು ಟೀ ಕೊಟ್ಟು ಮಾತಾಡಿಸುತ್ತಿದ್ದರು. ಎಷ್ಟೋ ಜನ ಆ ಮಾತಿನಲ್ಲೇ ಹಗುರಾಗಿ, ಪಾದ್ರಿಯನ್ನು ನೋಡದೆಯೇ ಮನೆಗೆ ಹೋದರು. ಕೆಲಸ ಆಗುತ್ತಿರುವುದು ಎಲ್ಲಿ ಎಂದು ವಾರಾ ಅವರಿಗೆ ತಿಳಿಯಿತು. ಸಮಾರಿಟನ್ಸ್ ಎಂಬ ಆ ಸಂಸ್ಥೆಯನ್ನು ಸ್ವಯಂಸೇವಕರ ಕೈಗೇ ಒಪ್ಪಿಸಿದರು. ನಮ್ಮ ಕಡೆ ಚೆನ್ನೈನಲ್ಲಿ ಮನೋವೈದ್ಯೆ ಡಾ. ಲಕ್ಷ್ಮಿ ವಿಜಯಕುಮಾರ್ 1986ರಲ್ಲಿ ಸ್ನೇಹಾ ಸಂಸ್ಥೆ ಕಟ್ಟಿದರು. ಬೆಂಗಳೂರಿನಲ್ಲಿ ಸಹಾಯ್ ಎಂಬ ಸಹಾಯವಾಣಿ 2002ರಲ್ಲಿ ಶುರುವಾಯಿತು.

ಇನ್ನೊಂದು ಲೆಕ್ಕ ನನ್ನ ಮನಸ್ಸಿನಲ್ಲಿ ನಿಂತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಒಂದು ಅಧ್ಯಯನ ಐದು ದೇಶಗಳ ಐದು ಊರುಗಳಲ್ಲಿ ನಡೆಯಿತು, ಚೆನ್ನೈ ಅದರಲ್ಲಿ ಒಂದು. ಜೀವ ಕಳೆದುಕೊಳ್ಳಲು ಯತ್ನಿಸಿ ಆಸ್ಪತ್ರೆಗೆ ಬಂದ 1,867 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿಗೆ ಅದರ ಜೊತೆಗೆ ಸುಮಾರು ಒಂದು ಗಂಟೆಯ ಮಾತುಕತೆ, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನ್ ಮಾಡಿ ಅಥವಾ ಮನೆಗೆ ಹೋಗಿ "ಹೇಗಿದ್ದೀರಿ?" ಎಂದು ವಿಚಾರಿಸಿದರು. 2008ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೊದಲ ಗುಂಪಿನಲ್ಲಿ ಆತ್ಮಹತ್ಯೆಯಿಂದ ಸತ್ತವರು ನೂರಕ್ಕೆ 2.2. ವಿಚಾರಿಸಿಕೊಂಡ ಗುಂಪಿನಲ್ಲಿ ನೂರಕ್ಕೆ 0.2. ದುಬಾರಿ ಯಂತ್ರವಿಲ್ಲ, ಹೊಸ ಔಷಧಿಯಿಲ್ಲ. ಮರೆಯದೆ ಒಂಬತ್ತು ಸಲ ವಿಚಾರಿಸಿಕೊಂಡರು, ಅಷ್ಟೆ.

ಮಕ್ಕಳೇ, ನಿಮ್ಮ ಪಾಲಿನ ಕೆಲಸ

ಆಸ್ಟ್ರಿಯಾದ ಸಂಗೀತಗಾರ ಮೊಜಾರ್ಟ್ 1791ರಲ್ಲಿ ಬರೆದ "ಮಾಯಾ ಕೊಳಲು" ಎಂಬ ಸಂಗೀತ ನಾಟಕದಲ್ಲಿ ಪಾಪಗೆನೊ ಎಂಬ ಹಕ್ಕಿ ಹಿಡಿಯುವವನಿದ್ದಾನೆ. ಪ್ರೀತಿಸಿದವಳು ಕೈತಪ್ಪಿದಳೆಂದು ಅವನು ಬದುಕನ್ನೇ ಬಿಡಲು ಹೊರಡುತ್ತಾನೆ. ಆಗ ಮೂವರು ಹುಡುಗರು ಬಂದು, ನಿನ್ನ ಹತ್ತಿರ ಮಾಯದ ಗಂಟೆಗಳಿವೆಯಲ್ಲ, ಬಾರಿಸಬಾರದೇ ಎಂದು ನೆನಪಿಸುತ್ತಾರೆ. ಅವನು ಬಾರಿಸುತ್ತಾನೆ, ಅವಳು ಸಿಗುತ್ತಾಳೆ. 2010ರಲ್ಲಿ ವಿಯೆನ್ನಾದ ಥಾಮಸ್ ನೀಡರ್‌ಕ್ರೋಟೆಂಥಾಲರ್ ಮತ್ತು ಸಂಗಡಿಗರು ಪತ್ರಿಕಾ ವರದಿಗಳನ್ನು ಅಭ್ಯಾಸ ಮಾಡಿದರು. ಕಷ್ಟದಲ್ಲಿದ್ದವರು ಬೇರೆ ದಾರಿ ಕಂಡುಕೊಂಡ ಕತೆ ಅಚ್ಚಾದ ನಂತರ ಸಾವುಗಳು ಕಡಿಮೆಯಾದದ್ದು ಅವರಿಗೆ ಕಂಡಿತು. ಇದಕ್ಕೆ ಪಾಪಗೆನೊ ಪರಿಣಾಮ ಎಂದೇ ಹೆಸರು.

ಆ ಮೂವರು ಹುಡುಗರು ಅವನ ಕಷ್ಟವನ್ನು ತಾವು ಪರಿಹರಿಸಲಿಲ್ಲ, ನೆನಪಿಸಿದರು ಅಷ್ಟೆ. ನಿಮ್ಮ ಕೆಲಸವೂ ಅಷ್ಟೇ. ಗೆಳೆಯನೊಬ್ಬ "ನಾನು ಇರಲೇಬಾರದು" ಎಂದರೆ ನಗಬೇಡಿ, ಬೈಯಬೇಡಿ. ಜೊತೆಯಲ್ಲಿ ಕೂತು ಕೇಳಿಸಿಕೊಳ್ಳಿ. "ಯಾರಿಗೂ ಹೇಳಬೇಡ, ಪ್ರಾಮಿಸ್ ಮಾಡು" ಎಂದರೆ ಆ ಪ್ರಾಮಿಸ್ ಮಾತ್ರ ಮಾಡಬೇಡಿ. ಅವತ್ತೇ ಅಪ್ಪ, ಅಮ್ಮ, ಟೀಚರ್, ತಾತ, ಯಾರಾದರೂ ಒಬ್ಬ ದೊಡ್ಡವರಿಗೆ ಹೇಳಿ. ಒಬ್ಬರು ಕಿವಿಗೊಡದಿದ್ದರೆ ಇನ್ನೊಬ್ಬರಿಗೆ ಹೇಳಿ. ಇದು ಚಾಡಿಯಲ್ಲ. ನಿಮಗೇ ಹಾಗೆ ಅನ್ನಿಸಿದರೂ ಇದೇ ದಾರಿ. ಇನ್ನು ಪರೀಕ್ಷೆ ಎಂದರೆ ಎಸ್ಸೆಸ್ಸೆಲ್ಸಿಯಾಗಲಿ ಪಿಯುಸಿಯಾಗಲಿ, ಅದೇ ವರ್ಷ ಮತ್ತೆ ಬರೆಯುವ ಅವಕಾಶ ಈಗ ಇದೆ.

ಹಿರಿಯರಿಗೂ ಒಂದು ಮಾತು. ನಮ್ಮ ಕಡೆ ಎದುರಾದವರನ್ನೆಲ್ಲ "ಊಟ ಆಯ್ತಾ?" ಎಂದು ಕೇಳುವ ಒಳ್ಳೆಯ ಅಭ್ಯಾಸ ಇದೆ. "ಹ್ಞೂಂ ಆಯ್ತು" ಎನ್ನುತ್ತಾರೆ, ಮುಂದೆ ಹೋಗುತ್ತೇವೆ. ಮುಖ ಬಾಡಿದ್ದರೆ ಅಲ್ಲೇ ನಿಂತು ಎರಡನೆಯ ಪ್ರಶ್ನೆ ಕೇಳೋಣ: "ಯಾಕೋ ಮುಂಚಿನ ಹಾಗಿಲ್ಲವಲ್ಲ, ಏನಾಗಿದೆ?" ಉತ್ತರ ಬರಲು ಹೊತ್ತು ಹಿಡಿದರೆ ಕಾಯೋಣ. ನಮಗೆ ಹೇಗೂ ಪುರುಸೊತ್ತಿದೆ. ಮೊಮ್ಮಕ್ಕಳ ಅಂಕಪಟ್ಟಿ ನೋಡುವ ಮೊದಲು ಅವರ ಮುಖ ನೋಡೋಣ. ಅಪಾಯ ಇದೆ ಎನ್ನಿಸಿದರೆ ಅವರನ್ನು ಒಬ್ಬರೇ ಬಿಡದೆ, 14416ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ.

ನಮ್ಮ ಪಾರ್ಕಿನ ಗುಂಪಿನಲ್ಲಿ ಈಗ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ. ಯಾರಾದರೂ ಎರಡು ದಿನ ಕಾಣಿಸದಿದ್ದರೆ ಮೂರನೆಯ ದಿನ ಒಬ್ಬರು ಅವರ ಮನೆಗೆ ಹೋಗಬೇಕು. ಯಾರ ಸರದಿ ಎಂದು ಪುಸ್ತಕದಲ್ಲಿ ಬರೆದಿಡುವವರು, ತಪ್ಪಿಸಿಕೊಂಡವರನ್ನು ಗದರುವವರು ಮೇಷ್ಟ್ರೇ.